ಅಪ್ಪನ ನಾಡಿ ಸರಿಹೋಯಿತು, ಅವ್ವನ ನಾಡಿಗೇಕೆ ಇಷ್ಟು ಕಾವಲು?

ಪ್ರಶ್ನೆ: ಡಾಕ್ಟರೇ, ನಾವು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯವರು. ನಮ್ಮ ಅವ್ವನಿಗೆ 47 ವರ್ಷ. ಚಿಕ್ಕಂದಿನಲ್ಲಿ ಬಂದ ಕೀಲುವಾತದ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾಗಿದೆ ಎಂದು ಏಳು ವಾರಗಳ ಹಿಂದೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಲೋಹದ ಕವಾಟ ಹಾಕಿದರು. ಮೂರನೆಯ ದಿನ ಐಸಿಯುನಲ್ಲಿ ಎದೆಬಡಿತ ಲಯ ತಪ್ಪಿತು, ಔಷಧಿ ಕೊಟ್ಟ ಮೇಲೆ ಸರಿಹೋಯಿತು. ಈಗ ರಕ್ತ ತೆಳುವಾಗಿಸುವ ವಾರ್ಫರಿನ್, ಲಯ ಕಾಯುವ ಅಮಿಯೋಡರೋನ್, ಬಡಿತದ ವೇಗ ಇಳಿಸುವ ಮೆಟೊಪ್ರೊಲಾಲ್ ನಡೆದಿವೆ. ಮೂರು ವರ್ಷಗಳ ಹಿಂದೆ ಅಪ್ಪನಿಗೆ ಬೈಪಾಸ್ ಆದಾಗಲೂ ಹೀಗೆಯೇ ಲಯ ತಪ್ಪಿತ್ತು. ಎರಡು ತಿಂಗಳಾದ ಮೇಲೆ ರಕ್ತ ತೆಳುವಾಗಿಸುವ ಗುಳಿಗೆ ನಿಲ್ಲಿಸಿದರು, ಈಗ ಹೊಲದ ಕೆಲಸವನ್ನೂ ಮಾಡುತ್ತಾರೆ. ಅವ್ವನಿಗೆ ಮಾತ್ರ ಬದುಕಿರುವವರೆಗೂ ಬೇಕೆನ್ನುತ್ತಾರೆ. ಆದರೆ ಶಸ್ತ್ರಚಿಕಿತ್ಸೆಯ ನಂತರದ ಈ ತೊಂದರೆ ಗಂಡಸರಿಗೇ ಹೆಚ್ಚು, ಹೆಂಗಸರಿಗೆ ಕಡಿಮೆ ಎಂದು ಓದಿದ್ದೇನೆ. ಅವ್ವನನ್ನು ಕೇಳಿದರೆ ಎದೆಬಡಿತದ ಮಾತೇ ಇಲ್ಲ, ಸುಸ್ತು ಎನ್ನುತ್ತಾಳೆ ಅಷ್ಟೆ. ಪುಂಡಿಪಲ್ಯ ಮುಟ್ಟಬೇಡ ಎಂದು ಓಣಿಯವರು ಹೇಳಿದ್ದಾರೆ. ಹುಲಿಗೆಮ್ಮನಿಗೆ ದೀಡ ನಮಸ್ಕಾರದ ಹರಕೆಯನ್ನೂ ಹೊತ್ತಿದ್ದಾಳೆ. ಏನು ಮಾಡಬೇಕು?

ಉತ್ತರ: ತಂಗಿ, ಎಲ್ಲಕ್ಕಿಂತ ತುರ್ತಿನ ಮಾತನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಅವ್ವನ ವಾರ್ಫರಿನ್ ಒಂದು ದಿನವೂ ನಿಲ್ಲಬಾರದು. ನಾಡಿ ಲಯಕ್ಕೆ ಬಂದರೂ ನಿಲ್ಲಬಾರದು, ಇಸಿಜಿ ಚೆನ್ನಾಗಿ ಬಂದರೂ ನಿಲ್ಲಬಾರದು. ಆ ಗುಳಿಗೆಯನ್ನು ಬರೆದಿರುವುದು ಲಯ ತಪ್ಪಿದ್ದಕ್ಕಿಂತ ಮೊದಲು ಲೋಹದ ಕವಾಟಕ್ಕಾಗಿ. ನಮ್ಮ ರಕ್ತ ತನ್ನದಲ್ಲದ ಲೋಹದ ಮೇಲ್ಮೈಯನ್ನು ಕಂಡರೆ ಹೆಪ್ಪುಗಟ್ಟಲು ಹೊರಡುತ್ತದೆ. ಹೆಪ್ಪು ಕವಾಟದ ಬಿಲ್ಲೆಗಳ ನಡುವೆ ಸಿಕ್ಕಿಕೊಂಡರೆ ಕವಾಟ ತೆರೆಯುವುದಿಲ್ಲ, ಮುಚ್ಚುವುದಿಲ್ಲ. ಅಲ್ಲಿಂದ ಕಳಚಿಕೊಂಡರೆ ನೇರವಾಗಿ ಮಿದುಳಿಗೆ ಹೋಗಬಹುದು. ಅವ್ವನ ಬಡಿತ ಒಮ್ಮೆಯೂ ಲಯ ತಪ್ಪಿರದಿದ್ದರೂ ಈ ಗುಳಿಗೆ ಜೀವನಪೂರ್ತಿ ಬೇಕಾಗುತ್ತಿತ್ತು. ನಿಮ್ಮ ಅಪ್ಪನ ಹೃದಯದೊಳಗೆ ಲೋಹದ ಕವಾಟವಿಲ್ಲ. ಬೈಪಾಸ್‌ನಲ್ಲಿ ಅವರದೇ ಎದೆಯ, ಕಾಲಿನ ರಕ್ತನಾಳಗಳನ್ನು ತೆಗೆದು ಜೋಡಿಸಿರುತ್ತಾರೆ. ಅವರಿಗೆ ಕೊಟ್ಟಿದ್ದ ಗುಳಿಗೆ ಲಯ ತಪ್ಪಿದ ಕೆಲವು ವಾರಗಳಿಗೆ ಮಾತ್ರ. ಹೆಸರು ಒಂದೇ, ತೆಗೆದುಕೊಳ್ಳುವ ಕಾರಣ ಬೇರೆ.

ಆದರೆ ನೀವು ಕೇಳಿರುವುದು ಇಷ್ಟೇ ಅಲ್ಲ. ‘ಹೆಂಗಸರಿಗೆ ಕಡಿಮೆ’ ಎಂದು ಓದಿದ್ದೇನೆ ಎಂದಿದ್ದೀರಿ. ನೀವು ಓದಿದ್ದು ಸುಳ್ಳಲ್ಲ. ಅದನ್ನು ನಂಬಿ ನೆಮ್ಮದಿಯಿಂದ ಕುಳಿತುಬಿಟ್ಟರೆ ಮಾತ್ರ ಅಪಾಯ, ಅದೂ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿಯ ಹೆಂಗಸರ ವಿಷಯದಲ್ಲಿ. ಅದಕ್ಕಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೂರನೆಯ ದಿನ ಆದದ್ದೇನು? ಹೃದಯಕ್ಕೆ ಮೇಲೆ ಎರಡು, ಕೆಳಗೆ ಎರಡು ಕೋಣೆಗಳಿವೆ. ಮೇಲಿನ ಕೋಣೆಗಳು ರಕ್ತವನ್ನು ಕೆಳಕ್ಕೆ ತಳ್ಳುತ್ತವೆ, ಕೆಳಗಿನವು ಶ್ವಾಸಕೋಶಕ್ಕೂ ಮೈಗೆಲ್ಲಕ್ಕೂ ತಳ್ಳುತ್ತವೆ. ಇವೆಲ್ಲಕ್ಕೂ ಅಪ್ಪಣೆ ಒಂದೇ ಜಾಗದಿಂದ ಬರಬೇಕು. ಆ ಅಪ್ಪಣೆ ಕೆಟ್ಟು ಮೇಲಿನ ಕೋಣೆಯ ಗೋಡೆಯಲ್ಲಿ ನೂರಾರು ಕಡೆ ವಿದ್ಯುತ್ ಅಲೆಗಳು ತಮ್ಮಷ್ಟಕ್ಕೆ ತಾವು ಸುತ್ತತೊಡಗಿದರೆ ಕೋಣೆ ಒತ್ತುವುದನ್ನು ಬಿಟ್ಟು ಬರೀ ನಡುಗುತ್ತದೆ. ಇದನ್ನೇ ಹೃತ್ಕರ್ಣ ಕಂಪನ ಎನ್ನುತ್ತೇವೆ. ಎಡ ಮೇಲ್ಕೋಣೆಯ ಮೂಲೆಯಲ್ಲಿ ಕಿವಿಯಂತಹ ಒಂದು ಪುಟ್ಟ ಚೀಲವಿದೆ. ಕೋಣೆ ಒತ್ತದೆ ಹೋದಾಗ ಅಲ್ಲಿ ರಕ್ತ ನಿಂತುಬಿಡುತ್ತದೆ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ನೀರು ಹರಿಯದೆ ನಿಂತರೆ ಪಾಚಿ ಕಟ್ಟುವುದನ್ನು ನೀವು ಕಂಡಿರುತ್ತೀರಿ. ಅಲ್ಲಿ ಪಾಚಿ, ಇಲ್ಲಿ ರಕ್ತದ ಹೆಪ್ಪು.

ಹೃದಯದ ಶಸ್ತ್ರಚಿಕಿತ್ಸೆಯ ನಂತರ ಇದು ಅಪರೂಪವಲ್ಲ. ಬರೀ ಬೈಪಾಸ್ ಆದವರಲ್ಲಿ ನೂರಕ್ಕೆ 20ರಿಂದ 30 ಮಂದಿಗೆ, ಕವಾಟದ ಶಸ್ತ್ರಚಿಕಿತ್ಸೆ ಆದವರಲ್ಲಿ 30ರಿಂದ 40 ಮಂದಿಗೆ, ಎರಡೂ ಒಟ್ಟಿಗೆ ಆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬರುತ್ತದೆ. ಹೆಚ್ಚಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ ಕಾಣಿಸಿಕೊಳ್ಳುತ್ತದೆ. ನಿಮ್ಮ ಮನೆಯ ಇಬ್ಬರಿಗೂ ಮೂರನೆಯ ದಿನದ ಆಸುಪಾಸಿನಲ್ಲಿಯೇ ಬಂದದ್ದು ಕಾಕತಾಳೀಯವಲ್ಲ. ಗಾಯದ ಉರಿ ಆಗ ಏರಿರುತ್ತದೆ, ಹೃದಯದ ಹೊರಚೀಲದಲ್ಲಿ ಒಂದಿಷ್ಟು ರಕ್ತ ನಿಂತಿರುತ್ತದೆ, ನೋವು ಮತ್ತು ಆತಂಕದಿಂದ ಮೈಯ ಉದ್ರೇಕದ ನರಗಳು ಬಿಗಿದಿರುತ್ತವೆ, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಏರುಪೇರಾಗಿರುತ್ತವೆ. ಹೊರಚೀಲದಲ್ಲಿ ನಿಂತ ರಕ್ತದ ಪಾತ್ರ ದೊಡ್ಡದು ಎಂದು ನಾನು ಗಟ್ಟಿಯಾಗಿ ನಂಬಲು ಕಾರಣವಾದದ್ದು ನ್ಯೂಯಾರ್ಕ್‌ನಲ್ಲಿ ನಡೆದು 2021ರಲ್ಲಿ ಪ್ರಕಟವಾದ 420 ರೋಗಿಗಳ ಪ್ರಯೋಗ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿಯೇ ಹೊರಚೀಲದ ಹಿಂಭಾಗದಲ್ಲಿ ಒಂದು ಸೀಳು ಮಾಡಿ ರಕ್ತ ಬಸಿದುಹೋಗಲು ದಾರಿ ಬಿಟ್ಟರು. ಲಯ ತಪ್ಪಿದವರ ಪ್ರಮಾಣ ನೂರಕ್ಕೆ 32ರಿಂದ 17ಕ್ಕೆ ಇಳಿಯಿತು.

ಈ ಉರಿ ಆರಿದ ಮೇಲೆ ಬಹುಪಾಲು ಜನರಲ್ಲಿ ಆರೆಂಟು ವಾರಗಳೊಳಗೆ ಲಯ ತಾನಾಗಿಯೇ ಮರಳುತ್ತದೆ. ನಿಮ್ಮ ಅಪ್ಪನಿಗೆ ಆದದ್ದು ಇದೇ. ಬೈಪಾಸ್‌ಗೆ ಮೊದಲು ಅವರ ಮೇಲ್ಕೋಣೆ ಬಹುಶಃ ಆರೋಗ್ಯವಾಗಿತ್ತು. ಕೆಲವು ದಿನಗಳ ಪೆಟ್ಟಿಗೆ ನಡುಗಿ ಸುಮ್ಮನಾಯಿತು. ಹಾಗೆಂದು ಅವರೂ ಪೂರ್ತಿ ಮರೆಯುವಂತಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಒಮ್ಮೆ ಹೀಗಾದವರಲ್ಲಿ ಮುಂದಿನ ವರ್ಷಗಳಲ್ಲಿ ಅದು ಮರಳುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ವರ್ಷಕ್ಕೊಮ್ಮೆ ಅವರದೂ ಇಸಿಜಿ ಮಾಡಿಸಿ.

ಈಗ ಗಂಡು ಹೆಣ್ಣಿನ ಮಾತಿಗೆ ಬರುತ್ತೇನೆ. ಬೈಪಾಸ್ ಆದವರನ್ನು ಲೆಕ್ಕ ಹಾಕಿದ ಅನೇಕ ಅಧ್ಯಯನಗಳಲ್ಲಿ ಲಯ ತಪ್ಪುವುದು ಗಂಡಸರಲ್ಲಿ ತುಸು ಹೆಚ್ಚಾಗಿ ಕಂಡಿದೆ. ಗಂಡಸರ ಮೇಲ್ಕೋಣೆ ಸಾಮಾನ್ಯವಾಗಿ ದೊಡ್ಡದು. ಸುತ್ತುವ ಅಲೆಗಳಿಗೆ ಅಲ್ಲಿ ಜಾಗ ಹೆಚ್ಚು. ಹಾರ್ಮೋನುಗಳ ಪಾತ್ರವೂ ಇರಬಹುದೆಂಬ ವಾದವಿದೆ. ಆದರೆ ಆ ಅಧ್ಯಯನಗಳಲ್ಲಿ ಯಾರಿದ್ದರು ಎಂದು ಕೇಳಬೇಕು. ಶ್ರೀಮಂತ ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗುವವರಲ್ಲಿ ಹೆಂಗಸರು ಮೂರರಲ್ಲಿ ಒಂದು ಪಾಲಿನಷ್ಟು. ಅವರಲ್ಲಿ ಬಹುಮಂದಿ ವಯಸ್ಸಾದವರು, ರಕ್ತನಾಳ ಕಟ್ಟಿಕೊಂಡವರು. ಸಿಂಧನೂರಿನ 47 ವರ್ಷದ, ಕೀಲುವಾತದ ಜ್ವರದಿಂದ ಕವಾಟ ಕೆಟ್ಟ ಹೆಂಗಸು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಆ ಲೆಕ್ಕದೊಳಗೂ ಇನ್ನೊಂದು ಸಂಗತಿ ಅಡಗಿದೆ. 2024ರಲ್ಲಿ ಅಮೆರಿಕದ ಎರಡು ದೊಡ್ಡ ಆಸ್ಪತ್ರೆಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ವಯಸ್ಸು, ಇತರ ಕಾಯಿಲೆ, ಶಸ್ತ್ರಚಿಕಿತ್ಸೆಯ ಬಗೆ ಎಲ್ಲವನ್ನೂ ಸರಿದೂಗಿಸಿ ನೋಡಿದಾಗ ಹೆಂಗಸರಿಗೆ ಲಯ ತಪ್ಪುವ ಸಾಧ್ಯತೆ ಕಡಿಮೆಯೇ ಇತ್ತು. ಆದರೆ ಲಯ ತಪ್ಪಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿದಾಗ, ಅದರಿಂದ ಸಾವಿನ ಅಪಾಯ ಗಂಡಸರಲ್ಲಿ ಏರಿದ್ದಕ್ಕಿಂತ ಹೆಂಗಸರಲ್ಲಿ ಹೆಚ್ಚು ಏರಿತ್ತು. ಇದು ದಾಖಲೆಗಳನ್ನು ನೋಡಿ ಹೇಳಿದ್ದು. ಲಯ ತಪ್ಪಿದ್ದರಿಂದಲೇ ಸತ್ತರು ಎಂದು ಇದರಿಂದ ತೀರ್ಮಾನಿಸಲಾಗದು. ಆದರೂ ನನಗೆ ಇದು ದೊಡ್ಡ ಎಚ್ಚರಿಕೆ. ಕಡಿಮೆ ಬರುತ್ತದೆ ಎಂಬ ಕಾರಣಕ್ಕೆ ಕಡಿಮೆ ನೋಡಿದರೆ ಏನಾಗುತ್ತದೆ ಎಂದು ಯೋಚಿಸುವಂತೆ ಮಾಡುತ್ತದೆ.

ನಮ್ಮ ಭಾಗದ ಕಥೆಯೇ ಬೇರೆ. ಮಕ್ಕಳಿಗೆ ಗಂಟಲು ನೋವು ಬರುತ್ತದೆ, ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯದಿಂದ. ಸರಿಯಾದ ಔಷಧಿ ಸಿಗದೆ ಹೋದರೆ ಕೆಲವರಲ್ಲಿ ಎರಡು ಮೂರು ವಾರಗಳ ಮೇಲೆ ಕೀಲುಗಳು ಬಾತು ಜ್ವರ ಬರುತ್ತದೆ. ಕೀಲು ವಾಸಿಯಾಗುತ್ತದೆ, ಕವಾಟದ ಗಾಯ ಒಳಗೊಳಗೇ ಮಾಗಿ ಗಡುಸಾಗುತ್ತ ಹೋಗುತ್ತದೆ. ಹೀಗೆ ಮೈಟ್ರಲ್ ಕವಾಟ ಕಿರಿದಾಗುವುದು ಹೆಂಗಸರಲ್ಲಿ ಗಂಡಸರಿಗಿಂತ ಎರಡು ಪಟ್ಟಿಗೂ ಹೆಚ್ಚು. ಬಾಗಿಲು ಕಿರಿದಾದ ಮೇಲೆ ಅದರ ಹಿಂದಿನ ಎಡ ಮೇಲ್ಕೋಣೆಯಲ್ಲಿ ಒತ್ತಡ ಏರುತ್ತದೆ, ಕೋಣೆ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ, ಗೋಡೆಯಲ್ಲಿ ನಾರು ಬೆಳೆಯುತ್ತದೆ. ನೀವು ಕಳಿಸಿದ ಬಿಡುಗಡೆ ಪತ್ರದಲ್ಲಿ ಅವ್ವನ ಎಡ ಮೇಲ್ಕೋಣೆಯ ಅಳತೆ 5.2 ಸೆಂಟಿಮೀಟರ್ ಎಂದಿದೆ. ಹೆಂಗಸರಲ್ಲಿ 3.8ರವರೆಗೆ ಸಹಜ. ಗಂಡಸರ ಮೇಲ್ಕೋಣೆ ದೊಡ್ಡದು ಎಂದು ಮೇಲೆ ಹೇಳಿದೆನಲ್ಲ, ಮೇಲ್ಕೋಣೆ ಚಿಕ್ಕದಿರುವ ಹೆಂಗಸರ ಆ ಅನುಕೂಲ ಅವ್ವನ ಪಾಲಿಗೆ ಎಂದೋ ಅಳಿಸಿಹೋಗಿದೆ. ಹೊಸ ಕವಾಟ ಬಂದ ಕೂಡಲೇ ಹಳೆಯ ಹಿಗ್ಗು ಇಳಿಯುವುದಿಲ್ಲ. ಆದ್ದರಿಂದ ಅಪ್ಪನಿಗೆ ಹೇಳಿದ ಎರಡು ತಿಂಗಳ ಲೆಕ್ಕ ಅವ್ವನಿಗೆ ಅನ್ವಯಿಸದು.

2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಎಂಬ ಪ್ರಯೋಗವನ್ನು ನಿಮಗೆ ಹೇಳಲೇಬೇಕು, ಏಕೆಂದರೆ ನಮ್ಮಂತಹವರ ಮೇಲೆ ನಡೆದ ದೊಡ್ಡ ಪ್ರಯೋಗಗಳು ಬೆರಳೆಣಿಕೆಯಷ್ಟು. ಭಾರತವೂ ಸೇರಿ 24 ದೇಶಗಳ 4,500ಕ್ಕೂ ಹೆಚ್ಚು ರೋಗಿಗಳು. ಎಲ್ಲರಿಗೂ ಕೀಲುವಾತದ ಜ್ವರದ ಹೃದಯ ಕಾಯಿಲೆ, ಎಲ್ಲರಿಗೂ ಹೃತ್ಕರ್ಣ ಕಂಪನ. ಸರಾಸರಿ ವಯಸ್ಸು ಐವತ್ತರ ಆಸುಪಾಸು. ನೂರಕ್ಕೆ 72 ಮಂದಿ ಹೆಂಗಸರು! ಪರೀಕ್ಷೆಯ ರಗಳೆಯಿಲ್ಲದ ಹೊಸ ಗುಳಿಗೆ ರಿವರೊಕ್ಸಬಾನ್ ಒಳ್ಳೆಯದೋ, ಹಳೆಯ ವಾರ್ಫರಿನ್ ಬಗೆಯ ಗುಳಿಗೆ ಒಳ್ಳೆಯದೋ ಎಂದು ಹೋಲಿಸಿದರು. ಗೆದ್ದದ್ದು ಹಳೆಯ ಗುಳಿಗೆ: ಸಾವು ಕಡಿಮೆ, ರಕ್ತಸ್ರಾವವೂ ಹೆಚ್ಚಲಿಲ್ಲ. ಲೋಹದ ಕವಾಟ ಇರುವವರಿಗಂತೂ ಹೊಸ ಗುಳಿಗೆಗಳನ್ನು ಕೊಡುವಂತೆಯೇ ಇಲ್ಲ. ಯಾರಾದರೂ ‘ಈಗ ಒಳ್ಳೊಳ್ಳೆಯ ಗುಳಿಗೆ ಬಂದಿವೆ, ರಕ್ತ ಪರೀಕ್ಷೆಯೇ ಬೇಕಿಲ್ಲ’ ಎಂದು ಬದಲಿಸಲು ಹೊರಟರೆ ಅವ್ವನ ಪತ್ರ ತೋರಿಸಿ, ಬೇಡವೆನ್ನಿ.

ಅವ್ವ ಸುಸ್ತು ಎನ್ನುತ್ತಾರೆ ಎಂದಿದ್ದೀರಿ. ನನಗೆ ನಿಮ್ಮ ಪತ್ರದಲ್ಲಿ ಹೆಚ್ಚು ಕಾಡಿದ ಮಾತು ಅದು. ರಾಯಚೂರಿನಲ್ಲಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ರೋಗಿಗಳನ್ನು ನೋಡಿದ್ದೇನೆ. ಗಂಡಸರು ಎದೆಯ ಮೇಲೆ ಕೈಯಿಟ್ಟು ‘ಢವಢವ’ ಎನ್ನುತ್ತಾರೆ. ಹೆಂಗಸರು ‘ಸುಸ್ತರಿ’ ಎನ್ನುತ್ತಾರೆ, ‘ಕೈಕಾಲಲ್ಲಿ ಕಸುವಿಲ್ಲ’ ಎನ್ನುತ್ತಾರೆ, ‘ರೊಟ್ಟಿ ಬಡಿಯಲು ಆಗುತ್ತಿಲ್ಲ’ ಎನ್ನುತ್ತಾರೆ. ಜೊತೆಗೆ ಬಂದ ಗಂಡನೋ ಮಗನೋ ‘ರಕ್ತ ಕಡಿಮೆ ಇರಬೇಕು, ಟಾನಿಕ್ ಬರೆದುಕೊಡಿ’ ಎನ್ನುತ್ತಾರೆ. ರಕ್ತ ಕಡಿಮೆ ಇರುವುದೂ ಉಂಟು. ಆದರೆ ಮೇಲ್ಕೋಣೆ ಒತ್ತುವುದನ್ನು ನಿಲ್ಲಿಸಿದಾಗ ಕೆಳಗಿನ ಕೋಣೆಗೆ ತುಂಬುವ ರಕ್ತವೇ ಕಡಿಮೆಯಾಗುತ್ತದೆ, ಬಡಿತ ವೇಗವಾದಷ್ಟೂ ತುಂಬಲು ಸಿಗುವ ಹೊತ್ತು ಕಡಿಮೆಯಾಗುತ್ತದೆ. ಆಗ ಮೊದಲು ಕಾಣುವುದು ಸುಸ್ತೇ. ಅವ್ವನ ಸುಸ್ತಿಗೆ ಇಸಿಜಿ ಆಗಬೇಕು, ಹಿಮೋಗ್ಲೋಬಿನ್ ನೋಡಬೇಕು, ಅಮಿಯೋಡರೋನ್ ತೆಗೆದುಕೊಳ್ಳುತ್ತಿರುವುದರಿಂದ ಥೈರಾಯ್ಡ್ ಪರೀಕ್ಷೆಯೂ ಆಗಬೇಕು. ಆ ಔಷಧಿಯ ತೂಕದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಅಯೋಡಿನ್ ಇದೆ. ಅದರಿಂದ ಥೈರಾಯ್ಡ್ ಮಂದವಾಗುವುದು ಹೆಂಗಸರಲ್ಲಿಯೇ ಹೆಚ್ಚು.

ಮನೆಯಲ್ಲಿ ನೀವೇ ಮಾಡಬಹುದಾದ ಒಂದು ಕೆಲಸವಿದೆ. ಬೆಳಿಗ್ಗೆ ಅವ್ವ ಎದ್ದು ಐದು ನಿಮಿಷ ಕುಳಿತ ಮೇಲೆ, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ನಿಮ್ಮ ಮೂರು ಬೆರಳಿಟ್ಟು ನಾಡಿ ಹಿಡಿಯಿರಿ. ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಇಲ್ಲಿ ಬೇಡ, ಲಯ ತಪ್ಪಿದಾಗ ಆ ಲೆಕ್ಕ ಮೋಸ ಮಾಡುತ್ತದೆ. ಎಷ್ಟು ಬಡಿತ ಎನ್ನುವುದಕ್ಕಿಂತ ಬಡಿತಗಳ ನಡುವಿನ ಅಂತರ ಒಂದೇ ಸಮನಾಗಿದೆಯೇ ಎಂದು ಗಮನಿಸಿ. ಒಂದು ಬೇಗ, ಒಂದು ತಡ, ಒಂದು ಜೋರು, ಒಂದು ಮೆಲ್ಲಗೆ, ಯಾವ ತಾಳಕ್ಕೂ ಸಿಗದಂತೆ ಇದ್ದರೆ ಅದು ಕಂಪನವಿರಬಹುದು. ಅವ್ವನ ವಿಷಯದಲ್ಲಿ ಇನ್ನೂ ಸುಲಭದ ದಾರಿಯಿದೆ. ಲೋಹದ ಕವಾಟ ಮುಚ್ಚುವಾಗ ಸಣ್ಣಗೆ ಟಿಕ್ ಎನ್ನುತ್ತದೆ. ರಾತ್ರಿ ಫ್ಯಾನ್ ನಿಲ್ಲಿಸಿ ಪಕ್ಕದಲ್ಲಿ ಕುಳಿತರೆ ನಿಮಗೇ ಕೇಳಿಸಬಹುದು. ಕೆಲವು ಹೆಂಗಸರು ಇದಕ್ಕೆ ಹೆದರಿ ನಿದ್ದೆ ಕೆಡಿಸಿಕೊಳ್ಳುತ್ತಾರೆ. ಹೆದರಬೇಡಿ ಎಂದು ಅವ್ವನಿಗೆ ಹೇಳಿ. ಆ ಸದ್ದು ಸಮನಾಗಿ ಬರುತ್ತಿದ್ದರೆ ಕವಾಟವೂ ಲಯವೂ ನೆಟ್ಟಗಿವೆ ಎಂಬುದಕ್ಕೆ ಒಳ್ಳೆಯ ಗುರುತು. ಸದ್ದು ಮಬ್ಬಾದರೆ ಅಥವಾ ಇದ್ದಕ್ಕಿದ್ದಂತೆ ಕೇಳಿಸದೆ ಹೋಗಿ ಉಸಿರು ಕಟ್ಟತೊಡಗಿದರೆ ಬೆಳಗಾಗಲಿ ಎಂದು ಕಾಯಬಾರದು. ಕವಾಟಕ್ಕೆ ಹೆಪ್ಪು ಸಿಕ್ಕಿಕೊಂಡಿರಬಹುದು, ಆಗಲೇ 108ಕ್ಕೆ ಕರೆ ಮಾಡಿ ಹೊರಡಬೇಕು.

ವಾರ್ಫರಿನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯುವುದು ಐಎನ್‌ಆರ್ ಎಂಬ ರಕ್ತ ಪರೀಕ್ಷೆಯಿಂದ. ಮೈಟ್ರಲ್ ಜಾಗದಲ್ಲಿ ಲೋಹದ ಕವಾಟ ಇರುವವರಿಗೆ ಅದು 2.5ರಿಂದ 3.5ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಈ ಪರೀಕ್ಷೆಗೆ ಬೆಂಗಳೂರಿನವರೆಗೆ ಹೋಗಬೇಕಿಲ್ಲ, ರಾಯಚೂರಿನಲ್ಲಿಯೇ ಆಗುತ್ತದೆ. ಒಂದು ಪುಸ್ತಕದಲ್ಲಿ ತಾರೀಖು, ಐಎನ್‌ಆರ್, ಗುಳಿಗೆಯ ಪ್ರಮಾಣ ಈ ಮೂರನ್ನೂ ಬರೆಯುತ್ತ ಹೋಗಿ. ಆದಷ್ಟು ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ. ಗುಳಿಗೆ ದಿನವೂ ಸಂಜೆ ಒಂದೇ ಹೊತ್ತಿಗೆ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು.

ಇಲ್ಲೊಂದು ಹೊಂಡವಿದೆ, ಎಚ್ಚರ. ಅಮಿಯೋಡರೋನ್ ವಾರ್ಫರಿನ್‌ನ ಬಲವನ್ನು ಹೆಚ್ಚಿಸುತ್ತದೆ. ಈಗ ಅವ್ವನಿಗೆ ಕೊಟ್ಟಿರುವ ವಾರ್ಫರಿನ್ ಪ್ರಮಾಣ ಅದನ್ನು ಲೆಕ್ಕಕ್ಕೆ ಹಿಡಿದೇ ಬರೆದದ್ದು. ಲಯ ಸರಿಯಾಗಿ ನೆಲೆನಿಂತರೆ ಇನ್ನು ಕೆಲವು ವಾರಗಳಲ್ಲಿ ಅಮಿಯೋಡರೋನ್ ನಿಲ್ಲಿಸುತ್ತಾರೆ. ಆದರೆ ಅದು ಮೈಯಿಂದ ಹೊರಹೋಗಲು ವಾರಗಳಲ್ಲ, ತಿಂಗಳುಗಳೇ ಬೇಕು. ಅದು ಕರಗುತ್ತ ಹೋದಂತೆ ವಾರ್ಫರಿನ್‌ನ ಬಲ ಸದ್ದಿಲ್ಲದೆ ಇಳಿಯುತ್ತದೆ. ಆ ತಿಂಗಳುಗಳಲ್ಲಿ ಐಎನ್‌ಆರ್ ಅನ್ನು ಮತ್ತೆ ಮತ್ತೆ ನೋಡಿ ಪ್ರಮಾಣ ಏರಿಸಬೇಕಾಗುತ್ತದೆ. ಗುಳಿಗೆ ಒಂದು ಕಡಿಮೆಯಾಯಿತು ಎಂದು ಸಂತೋಷಪಟ್ಟು ಪರೀಕ್ಷೆಯನ್ನೇ ಬಿಟ್ಟವರನ್ನು ನಾನು ಪಾರ್ಶ್ವವಾಯುವಿನೊಂದಿಗೆ ನೋಡಿದ್ದೇನೆ.

ಪುಂಡಿಪಲ್ಯ ತಿನ್ನಲಿ. ಸೊಪ್ಪುಗಳಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ಗೆ ಎದುರಾಗಿ ಕೆಲಸ ಮಾಡುತ್ತದೆ ಎನ್ನುವುದು ನಿಜ. ಆದರೆ ಅಡ್ಡಿಯಾಗುವುದು ಸೊಪ್ಪಲ್ಲ, ಏರಿಳಿತ. ಮೂರು ವಾರ ಸೊಪ್ಪೇ ಮುಟ್ಟದೆ, ಆಮೇಲೆ ಒಂದು ವಾರ ದಿನವೂ ಎರಡು ಹೊತ್ತು ಪುಂಡಿಪಲ್ಯ, ಮೆಂತ್ಯ, ಹಕ್ಕರಕಿ ತಿಂದರೆ ಐಎನ್‌ಆರ್ ಅಡಿಮೇಲಾಗುತ್ತದೆ. ವಾರಕ್ಕೆ ಎಷ್ಟು ತಿನ್ನುತ್ತಿದ್ದರೋ ಅಷ್ಟನ್ನೇ ಒಂದೇ ಸಮ ತಿನ್ನಲಿ, ಗುಳಿಗೆಯ ಪ್ರಮಾಣವನ್ನು ನಾವು ಅದಕ್ಕೆ ಹೊಂದಿಸುತ್ತೇವೆ. ಜೋಳದ ರೊಟ್ಟಿ ತಿನ್ನುವ ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸಿಗೆ ಪಲ್ಯವನ್ನೂ ಬಿಡಿಸಿದರೆ ಉಳಿಯುವುದೇನು?

ಇನ್ನು ಯಾರೂ ಕೇಳದ, ನೀವೂ ಬರೆಯದ ಒಂದು ವಿಷಯ. ಅವ್ವನಿಗೆ 47. ಮುಟ್ಟು ಇನ್ನೂ ನಿಂತಿರಲಿಕ್ಕಿಲ್ಲ, ನಿಲ್ಲುವ ವಯಸ್ಸಿನಲ್ಲಿ ಸ್ರಾವ ಮೊದಲೇ ಹೆಚ್ಚು. ವಾರ್ಫರಿನ್ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹಲವು ವರ್ಷಗಳ ಹಿಂದೆ ಮಾನ್ವಿ ಕಡೆಯ ಒಬ್ಬ ತಾಯಿ ಇದೇ ಕವಾಟ ಹಾಕಿಸಿಕೊಂಡು ನನ್ನ ಬಳಿ ಬರುತ್ತಿದ್ದರು. ಪ್ರತಿ ಸಲ ಗಂಡ ಜೊತೆಗಿರುತ್ತಿದ್ದರು, ನಾನು ಅವರನ್ನೇ ಕೇಳುತ್ತಿದ್ದೆ: ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತಾರಾ? ‘ತಗೊಳ್ತಾಳ್ರಿ’ ಎನ್ನುತ್ತಿದ್ದರು. ಆಕೆ ತಲೆ ತಗ್ಗಿಸಿ ಕುಳಿತಿರುತ್ತಿದ್ದರು. ತಿಂಗಳಿಗೆ ಹತ್ತು ದಿನ ಸ್ರಾವವಾಗುತ್ತಿದ್ದುದರಿಂದ ಆ ಹತ್ತು ದಿನ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುತ್ತಿದ್ದರು ಎಂದು ನನಗೆ ತಿಳಿದದ್ದು ಅವರ ಬಲಗೈ ಬಿದ್ದುಹೋದ ಮೇಲೆ. ಕೇಳಬೇಕಾಗಿದ್ದವನು ನಾನು, ಆಕೆಯನ್ನೇ, ಗಂಡನನ್ನು ಹೊರಗೆ ಕೂರಿಸಿ. ಅಂದಿನಿಂದ ಹೆಂಗಸರ ಜೊತೆ ಐದು ನಿಮಿಷವಾದರೂ, ನರ್ಸ್ ಮಾತ್ರ ಇರುವಾಗ, ಒಂಟಿಯಾಗಿ ಮಾತನಾಡದೆ ಚೀಟಿ ಬರೆಯುವುದಿಲ್ಲ. ನೀವು ಮಗಳು, ನಿಮಗೆ ಅವ್ವ ಹೇಳಬಹುದು. ಇಂದೇ ಕೇಳಿ. ಸ್ರಾವ ಹೆಚ್ಚಿದ್ದರೆ ಅದಕ್ಕೆ ಸ್ತ್ರೀರೋಗ ತಜ್ಞರ ಬಳಿ ಚಿಕಿತ್ಸೆಯಿದೆ, ವಾರ್ಫರಿನ್ ನಿಲ್ಲಿಸುವ ಅಗತ್ಯ ಬೀಳುವುದಿಲ್ಲ. ಮನೆಯಲ್ಲಿ ಇನ್ನೂ ಮಕ್ಕಳಾಗುವ ವಯಸ್ಸಿನ, ಇಂತಹ ಕವಾಟವಿರುವ ಹೆಂಗಸರಿದ್ದರೆ ಗರ್ಭ ನಿಲ್ಲುವ ಮೊದಲೇ ವೈದ್ಯರನ್ನು ಕಾಣಬೇಕು. ಮೊದಲ ಮೂರು ತಿಂಗಳಲ್ಲಿ ವಾರ್ಫರಿನ್ ಮಗುವಿನ ಬೆಳವಣಿಗೆಗೆ ಪೆಟ್ಟು ಕೊಡಬಲ್ಲದು.

ಔಷಧಿ ಅಂಗಡಿಯಲ್ಲಿ ಕೇಳಿ ಗುಳಿಗೆ ತರುವ ಅಭ್ಯಾಸವನ್ನು ಅವ್ವನ ಮಟ್ಟಿಗೆ ಪೂರ್ತಿ ಬಿಡಿ. ಹೃದಯದ ಕೆಳಕೋಣೆಗಳು ಒಮ್ಮೆ ಬಡಿದ ಮೇಲೆ ಮತ್ತೆ ಸಿದ್ಧವಾಗಲು ತೆಗೆದುಕೊಳ್ಳುವ ಹೊತ್ತನ್ನು ಇಸಿಜಿಯಲ್ಲಿ ಕ್ಯೂಟಿ ಎಂದು ಅಳೆಯುತ್ತೇವೆ. ಹರೆಯಕ್ಕೆ ಬಂದ ಮೇಲೆ ಇದು ಹೆಂಗಸರಲ್ಲಿ ಗಂಡಸರಿಗಿಂತ ಸ್ವಲ್ಪ ಉದ್ದ. ಅಮಿಯೋಡರೋನ್ ಅದನ್ನು ಇನ್ನಷ್ಟು ಉದ್ದ ಮಾಡುತ್ತದೆ. ಅದರ ಮೇಲೆ ಕೆಮ್ಮಿಗೆಂದು ಅಜಿತ್ರೋಮೈಸಿನ್, ಭೇದಿಗೆಂದು ಒಫ್ಲೊಕ್ಸಾಸಿನ್, ತುರಿಕೆಗೆಂದು ಫ್ಲುಕೊನಜೋಲ್ ಸೇರಿದರೆ ಕೆಳಕೋಣೆಯ ಲಯವೇ ತಪ್ಪಿ ಎಚ್ಚರ ತಪ್ಪಿ ಬೀಳಬಹುದು. ಔಷಧಿಗಳಿಂದ ಬರುವ ಈ ಬಗೆಯ ಲಯಭಂಗದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿ ಹೆಂಗಸರೇ. ಮೇಲ್ಕೋಣೆಯ ಕಂಪನ ಗಂಡಸರಿಗೆ ಹೆಚ್ಚು ಎಂದು ಓದಿದ ನೀವು ಇದನ್ನೂ ಪಕ್ಕದಲ್ಲಿಯೇ ಬರೆದಿಟ್ಟುಕೊಳ್ಳಿ. ಈ ಗುಳಿಗೆಗಳಲ್ಲಿ ಹಲವು ವಾರ್ಫರಿನ್‌ನ ಬಲವನ್ನೂ ಏರಿಸುತ್ತವೆ. ಮೊಣಕಾಲು ನೋವಿಗೆ ಡೈಕ್ಲೊಫಿನಾಕ್ ಬೇಡ, ಪ್ಯಾರಸಿಟಮಾಲ್ ಸಾಕು, ಅದೂ ವೈದ್ಯರಿಗೆ ಹೇಳಿ. ಹಳ್ಳಿಯಲ್ಲಿ ಸುಸ್ತಿಗೆ ಸೊಂಟಕ್ಕೆ ಸೂಜಿ ಚುಚ್ಚಿಸಿಕೊಳ್ಳುವುದಂತೂ ಬೇಡವೇ ಬೇಡ, ಸ್ನಾಯುವಿನೊಳಗೆ ರಕ್ತ ಸೋರಿ ಗಡ್ಡೆ ಕಟ್ಟುತ್ತದೆ.

ಬೇಸಿಗೆ ಶುರುವಾಗಿದೆ. ನಮ್ಮ ರಾಯಚೂರಿನ ಬಿಸಿಲು 42 ಡಿಗ್ರಿ ದಾಟುವ ದಿನಗಳಲ್ಲಿ ಬೆವರಿನ ಜೊತೆ ಲವಣಗಳೂ ಹೋಗುತ್ತವೆ. ವಾಂತಿ ಭೇದಿ ಆದರೆ ಪೊಟ್ಯಾಸಿಯಂ ಕುಸಿದು ಲಯ ತಪ್ಪುವುದಕ್ಕೆ ದಾರಿಯಾಗುತ್ತದೆ. ಎರಡು ದಿನ ಹೊಟ್ಟೆ ಕೆಟ್ಟರೂ ಪೊಟ್ಯಾಸಿಯಂ ಮತ್ತು ಐಎನ್‌ಆರ್ ಎರಡನ್ನೂ ನೋಡಿಸಿ. ಬಿಸಿಲಿಗೆಂದು ನೀರು ಎಷ್ಟು ಕುಡಿಯಬೇಕು ಎನ್ನುವುದನ್ನು ಅವ್ವನ ಎಕೋ ನೋಡಿದ ವೈದ್ಯರಿಂದಲೇ ಕೇಳಿ ತಿಳಿಯಿರಿ, ಹೃದಯ ದುರ್ಬಲವಿರುವವರಿಗೆ ಅತಿಯಾದರೂ ತೊಂದರೆ.

ಮುಖ ಒಂದು ಕಡೆ ಜಾರಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಲಕ್ವ. ಕೂಡಲೇ ಹೊರಡಿ, ಐಎನ್‌ಆರ್ ಪುಸ್ತಕ ಕೈಯಲ್ಲಿರಲಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಬಹುದೋ ಇಲ್ಲವೋ ಎಂದು ವೈದ್ಯರು ನಿರ್ಧರಿಸುವುದು ಆ ಅಂಕಿಯನ್ನು ನೋಡಿಯೇ.

ನೀರಿನ ಕೊಡವನ್ನು ಮೂರು ತಿಂಗಳವರೆಗೆ ಅವ್ವ ಎತ್ತಬಾರದು. ತುಂಬಿದ ಕೊಡ ಹತ್ತು ಹನ್ನೆರಡು ಕಿಲೋ ತೂಗುತ್ತದೆ, ತಂತಿ ಹಾಕಿ ಕೂಡಿಸಿದ ಎದೆಮೂಳೆ ಇನ್ನೂ ಪೂರ್ತಿ ಬೆಸೆದಿರುವುದಿಲ್ಲ. ಬೈಪಾಸ್ ಆದಾಗ ಅಪ್ಪನಿಗೆ ಮೂರು ತಿಂಗಳು ಯಾರೂ ಕೆಲಸ ಹೇಳಿರಲಿಕ್ಕಿಲ್ಲ. ಅವ್ವನಿಗೂ ಅಷ್ಟೇ ದಿನ ಬಿಡುವು ಸಿಗುವಂತೆ ನೀವು ನೋಡಿಕೊಳ್ಳಬೇಕು, ಬೇಕಾದರೆ ಅಪ್ಪನ ಹತ್ತಿರ ಗಟ್ಟಿಯಾಗಿ ಮಾತಾಡಿಯಾದರೂ. ಪರೀಕ್ಷೆಗೆ ಬರಲು ಜೊತೆಗೆ ಯಾರಿಲ್ಲ ಎಂಬ ಕಾರಣ ಬೇಡ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ಸಿಂಧನೂರು, ಲಿಂಗಸುಗೂರು ಕಡೆಯಿಂದ ಅಕ್ಕತಂಗಿಯರು ಇಬ್ಬಿಬ್ಬರಾಗಿ ಐಎನ್‌ಆರ್ ಪುಸ್ತಕ ಹಿಡಿದು ತಾವೇ ಬರುವುದನ್ನು ನೋಡುತ್ತಿದ್ದೇನೆ, ನನಗೆ ಬಹಳ ಸಮಾಧಾನ ಕೊಡುವ ನೋಟ ಅದು.

ಹುಲಿಗೆಮ್ಮನ ಹರಕೆಯ ವಿಷಯ. ದೀಡ ನಮಸ್ಕಾರ ಈ ವರ್ಷ ಆಗದು. ಮಲಗಿ ಏಳುವಾಗ ಎದೆಮೂಳೆಯ ಮೇಲೆ ಭಾರ ಬೀಳುತ್ತದೆ, ಮೊಣಕೈ ಮೊಣಕಾಲು ತರಚಿದರೆ ವಾರ್ಫರಿನ್‌ನಿಂದ ರಕ್ತ ಬೇಗ ನಿಲ್ಲುವುದಿಲ್ಲ, ಹುಣ್ಣಿಮೆಯ ನೂಕುನುಗ್ಗಲಿನಲ್ಲಿ ಬಿದ್ದರಂತೂ ದೊಡ್ಡ ಅಪಾಯ. ಮೂರು ತಿಂಗಳಾದ ಮೇಲೆ, ಜನ ಕಡಿಮೆಯಿರುವ ಒಂದು ದಿನ ಬೆಳಿಗ್ಗೆ ಬೇಗ ಹೋಗಿ, ನಡೆದೇ ದರ್ಶನ ಮಾಡಿ, ಉಡಿ ತುಂಬಿಸಿ ಬರಲಿ. ಹೋಗುವ ವಾರದ ಐಎನ್‌ಆರ್ ನೋಡಿಸಿಕೊಂಡಿರಲಿ, ಸಂಜೆಯ ಗುಳಿಗೆ ಚೀಲದಲ್ಲಿರಲಿ.